ಒಟಿಪಿ ಹೇಳು ಮಗಾ

2025ರ ಆಗಸ್ಟ್‌ನ ಒಂದು ಮಂಗಳವಾರ. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಹೊರಬಂದು ಫೋನ್ ನೋಡಿದರೆ ಅವ್ವನಿಂದ ಏಳು ಮಿಸ್ಡ್ ಕಾಲ್. ಜೊತೆಗೆ ಮೂರು ಎಸ್ಸೆಮ್ಮೆಸ್. ಮೂರರಲ್ಲೂ ಆರಂಕಿಯ ಒಟಿಪಿ. ಹತ್ತು ನಿಮಿಷದಲ್ಲಿ ಅವಧಿ ಮುಗಿಯುತ್ತದೆ ಅಂತ ಕೊನೆಯಲ್ಲಿ ಒಂದು ಸಾಲು. ಬಂದು ಒಂದೂವರೆ ಗಂಟೆ ಆಗಿತ್ತು.

ಎದೆ ಧಸಕ್ಕೆಂದಿತು. ಯಾರೋ ಅವ್ವನ ಅಕೌಂಟಿಗೆ ಕೈ ಹಾಕಿದರು ಅಂತಲೇ ಅಂದುಕೊಂಡೆ. ನಡುಗುತ್ತಾ ಫೋನ್ ಮಾಡಿದರೆ ಅವ್ವ ಆಗಲೇ ಮನೆಯಲ್ಲಿದ್ದಳು, ಹಸುವಿಗೆ ಹುಲ್ಲು ಹಾಕ್ತಾ.

"ಏನಿಲ್ಲ ಬುಡು ಮಗಾ. ಗೊಬ್ಬರದಂಗಡೀಲಿ ಬೆರಳು ತಗಳ್ನಿಲ್ಲ. ಅದೇನೋ ನಂಬರ್ ನಿನ್ ಫೋನಿಗೆ ಬತ್ತದೆ ಅಂದ್ರು. ನೀನು ಕೆಲ್ಸದಲ್ಲಿದ್ದೆ. ವಾಪಸ್ ಬಂದೆ."

ಬೈಯಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ನಮ್ಮದು ಕೃಷ್ಣರಾಜನಗರ ತಾಲ್ಲೂಕಿನ ಒಂದು ಸಣ್ಣ ಊರು. ಪೇಟೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ನಾಲೆ ನೀರಿನ ಒಂದೂವರೆ ಎಕರೆ ಗದ್ದೆ. ಅಪ್ಪ ಹೋಗಿ ನಾಲ್ಕು ವರ್ಷ ಆಯಿತು, ಅಂದಿನಿಂದ ಬೇಸಾಯ ಪೂರ್ತಿ ಅವ್ವನದೇ. ಭತ್ತದ ಕಣಜ ಅಂತ ಹೆಸರಿರುವ ತಾಲ್ಲೂಕಿನಲ್ಲಿ ನಾಟಿ ಮುಗಿದ ಮೇಲೆ ಮೇಲುಗೊಬ್ಬರ ಯಾವಾಗ ಬೀಳಬೇಕು ಅನ್ನೋದು ದಿನದ ಲೆಕ್ಕ. ಆ ಆಗಸ್ಟ್‌ನಲ್ಲಿ ಯೂರಿಯಾ ಸಿಗದೆ ರಾಜ್ಯದ ಎಷ್ಟೋ ಕಡೆ ಅಂಗಡಿಗಳ ಮುಂದೆ ಸಾಲು ನಿಂತಿದ್ದು ನಿಮಗೂ ನೆನಪಿರಬಹುದು. ಅವ್ವ ಬೆಳಗಿನ ಬಸ್ಸು ಹತ್ತಿ ಹೋಗಿ ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗ ಎಡವಟ್ಟಾಗಿದ್ದು ಯೂರಿಯಾದಿಂದಲ್ಲ, ನನ್ನಿಂದ.

ಗೊತ್ತಿಲ್ಲದವರಿಗಾಗಿ ಹೇಳಿಬಿಡ್ತೀನಿ. 2018ರಿಂದ ದೇಶದಲ್ಲೆಲ್ಲ ಸಬ್ಸಿಡಿ ಗೊಬ್ಬರ ಮಾರುವುದು ಒಂದು ಪುಟ್ಟ ಪಿಒಎಸ್ ಯಂತ್ರದ ಮೂಲಕ. ಕೊಳ್ಳುವವರ ಆಧಾರ್ ನಂಬರ್ ಹೊಡೆದು, ಬೆರಳು ಇಡಿಸಿ, ಯಂತ್ರ ಒಪ್ಪಿದರೆ ಚೀಲ. 45 ಕೆ.ಜಿ. ಯೂರಿಯಾ ಚೀಲ ನಮಗೆ 266 ರೂಪಾಯಿ 50 ಪೈಸೆಗೆ ಸಿಗೋದು ಉಳಿದ ದುಡ್ಡನ್ನು ಸರ್ಕಾರ ಕಂಪನಿಗೆ ಕಟ್ಟೋದರಿಂದ. ಅದಕ್ಕೇ ಈ ಲೆಕ್ಕ. ಬೆರಳು ಹೊಂದದಿದ್ದರೆ ಇನ್ನೊಂದು ದಾರಿ ಇದೆ: ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಅದನ್ನು ಹೇಳಿದರಾಯಿತು.

ಅವ್ವನ ಆಧಾರ್‌ಗೆ ಜೋಡಿಸಿದ್ದು ನನ್ನ ನಂಬರ್. ಬ್ಯಾಂಕ್ ಅಕೌಂಟಿಗೂ ನನ್ನದೇ. ಗ್ಯಾಸ್‌ಗೂ ನನ್ನದೇ. ಅಪ್ಪ ತೀರಿಕೊಂಡ ಮೇಲೆ ಕಾಗದಪತ್ರ ಎಲ್ಲ ಸರಿಮಾಡುವಾಗ "ಅವ್ವನಿಗೆ ಇದೆಲ್ಲ ಗೊತ್ತಾಗಲ್ಲ, ನನ್ನ ನಂಬರ್ ಕೊಟ್ಟುಬಿಟ್ರೆ ನಾನೇ ನೋಡ್ಕೋತೀನಿ" ಅಂತ ಎಲ್ಲ ಕಡೆ ಬರೆದವಳು ನಾನೇ. ಆಗ ಅದು ಜವಾಬ್ದಾರಿ ಹೊತ್ತ ಹಾಗೆ ಅನಿಸಿತ್ತು. ಇದನ್ನು ಓದುತ್ತಿರುವ ನಿಮ್ಮಲ್ಲೂ ಎಷ್ಟು ಜನ ಹೀಗೆ ಮಾಡಿದ್ದೀರೋ!

ಆ ರಾತ್ರಿ ನಿದ್ದೆ ಬರಲಿಲ್ಲ. ಯೂರಿಯಾ ಎರಡು ದಿನ ಬಿಟ್ಟು ಸಿಕ್ಕಿತು, ಅದಲ್ಲ. ನಾಲ್ಕು ವರ್ಷದಿಂದ ನಮ್ಮ ಮನೆಯ ರೂಢಿ ಏನಾಗಿತ್ತು ನೋಡಿ: ಎಲ್ಲೋ ಏನೋ ಬೇಕಾದರೆ "ಒಟಿಪಿ ಹೇಳು ಮಗಾ" ಅಂತ ಅವ್ವ ಫೋನ್ ಮಾಡುವುದು, ನಾನು ಹೇಳುವುದು, ಅವಳು ಎದುರಿಗಿರುವ ಅಪರಿಚಿತನಿಗೆ ಜೋರಾಗಿ ಒಪ್ಪಿಸುವುದು. ಮೋಸಗಾರರ ಬಗ್ಗೆ ಎಚ್ಚರ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಮೆಸೇಜ್ ಅವಳಿಗೆ ಫಾರ್ವರ್ಡ್ ಮಾಡಿದ್ದೆ. ಅವರಿಗೆ ಬೇಕಾದ ಅಭ್ಯಾಸವನ್ನೇ ನಾನು ಮನೆಯಲ್ಲಿ ಕೂತು ಕಲಿಸಿದ್ದೆ.

ಅವ್ವನ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲವಾ ಅಂದರೆ, ಇತ್ತು. ಆ ವರ್ಷದ ಯುಗಾದಿಗೆ ನಾನೇ ಕೊಡಿಸಿದ್ದೆ. ಇಪ್ಪತ್ತು ನಿಮಿಷ ಕೂತು "ಇಲ್ಲಿ ಒತ್ತಿದ್ರೆ ವಿಡಿಯೋ ಕಾಲ್" ಅಂತ ತೋರಿಸಿ ಬೆಂಗಳೂರಿಗೆ ಹೊರಟಿದ್ದೆ. ಅವಳು ಅದನ್ನು ಒಂದು ಒಗೆದ ಕರ್ಚೀಫಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಹಳೇ ಬಟನ್ ಫೋನಿನಲ್ಲೇ ಮಾತಾಡುತ್ತಿದ್ದಳು.

ಬೆರಳಿನ ಪಾಠ

ಮುಂದಿನ ಶನಿವಾರ ಮೈಸೂರಿಗೆ ರೈಲು, ಅಲ್ಲಿಂದ ಬಸ್ಸು. ಊಟ ಮಾಡಿ ಜಗುಲಿ ಮೇಲೆ ಕೂತು ಕರ್ಚೀಫ್ ಬಿಚ್ಚಿದೆವು.

ಐದು ನಿಮಿಷಕ್ಕೇ ನನ್ನ ಸಹನೆ ಮುಗಿಯಿತು. ಅವ್ವ ವಾಟ್ಸ್‌ಆ್ಯಪ್ ಗುರುತಿನ ಮೇಲೆ ಬೆರಳಿಟ್ಟರೆ ಅದು ತೆರೆಯುತ್ತಿರಲಿಲ್ಲ. ಜಾಗದಿಂದ ಕಿತ್ತುಬಂದು ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಇಲ್ಲವೇ "ತೆಗೆದುಹಾಕುವುದೇ?" ಅಂತ ಕೇಳುತ್ತಿತ್ತು. "ಅಯ್ಯೋ ಹಂಗಲ್ಲ ಅವ್ವ, ಕೊಡಿಲ್ಲಿ" ಅಂತ ಕಿತ್ತುಕೊಂಡೆ, ತೆರೆದೆ, ಕೊಟ್ಟೆ. ಅವಳು ಮುಟ್ಟಿದಳು, ಮತ್ತೇನೋ ಆಯಿತು, ಮತ್ತೆ ಕಿತ್ತುಕೊಂಡೆ. ನಾಲ್ಕನೇ ಸಲ ಅವ್ವ ಕೈ ಹಿಂದಕ್ಕೆ ಎಳೆದುಕೊಂಡು, "ನೀನೇ ಮಾಡು, ನಾನು ನೋಡ್ಕತೀನಿ" ಅಂದಳು. ಆ ದನಿ ನನಗೆ ಗೊತ್ತು. ಅಪ್ಪನ ಮುಂದೆ ದುಡ್ಡಿನ ಮಾತು ಬಂದಾಗ ಹೀಗೇ ಹಿಂದೆ ಸರಿಯುತ್ತಿದ್ದಳು.

ಫೋನ್ ಕೆಳಗಿಟ್ಟು ಅವಳ ಬೆರಳನ್ನೇ ನೋಡುತ್ತಾ ಕೂತೆ. ಆಗ ಹೊಳೆಯಿತು. ಹದಿನೈದು ವರ್ಷ ಬಟನ್ ಫೋನ್ ಬಳಸಿದ ಕೈ ಅದು. ಬಟನ್ ಅಂದರೆ ಗಟ್ಟಿಯಾಗಿ ಅದುಮಬೇಕು, ಟಕ್ ಅನ್ನೋವರೆಗೂ ಬಿಡಬಾರದು. ಈ ಗಾಜಿನ ಫೋನಿಗೆ ಅದುಮಿ ಹಿಡಿಯುವುದು ಅಂದರೆ ಬೇರೆಯೇ ಅರ್ಥ: 'ಈ ಗುರುತನ್ನು ಎತ್ತಿಕೋ, ಬೇರೆ ಕಡೆ ಇಡು' ಅಂತ. ಅವ್ವ ತಪ್ಪು ಮಾಡುತ್ತಿರಲಿಲ್ಲ. ಹಳೇ ಫೋನ್ ಕಲಿಸಿದ್ದನ್ನು ಸರಿಯಾಗಿಯೇ ಮಾಡುತ್ತಿದ್ದಳು.

"ಅವ್ವ, ಕಾವಲಿ ಕಾದದಾ ಅಂತ ಹೆಂಗೆ ನೋಡ್ತೀಯ?"

"ತಟಕ್ನೆ ಮುಟ್ಟಿ ಎತ್ಕತೀನಿ."

"ಹಂಗೇ ಮುಟ್ಟು."

ಮುಟ್ಟಿದಳು. ವಾಟ್ಸ್‌ಆ್ಯಪ್ ತೆರೆಯಿತು. ಅವ್ವ ನನ್ನ ಮುಖ ನೋಡಿದಳು, ಮತ್ತೆ ಫೋನ್ ನೋಡಿದಳು. ಹಿಂದಕ್ಕೆ ಬಂದು ಇನ್ನೊಮ್ಮೆ ಮುಟ್ಟಿದಳು. ಆಮೇಲೆ ಇನ್ನೊಮ್ಮೆ. ಸುಮ್ಮನೆ, ತೆರೆಯೋದಕ್ಕೋಸ್ಕರ ತೆರೆಯೋದು.

ಇಲ್ಲಿ ಒಂದು ಸೆಟ್ಟಿಂಗ್ ಹೇಳಿಬಿಡ್ತೀನಿ, ನನಗೆ ಗೊತ್ತೇ ಇರಲಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅಂತ ಒಂದು ಭಾಗ ಇದೆ. ಅದರೊಳಗೆ ಹುಡುಕಿದರೆ 'ಟಚ್ ಅಂಡ್ ಹೋಲ್ಡ್ ಡಿಲೇ' ಸಿಗುತ್ತದೆ. ಎಷ್ಟು ಹೊತ್ತು ಅದುಮಿದರೆ ಅದನ್ನು ಅದುಮಿದ್ದು ಅಂತ ಫೋನ್ ತಿಳಿಯಬೇಕು ಅನ್ನೋ ಲೆಕ್ಕ. ಅದನ್ನು 'ಲಾಂಗ್' ಮಾಡಿದರೆ ಕೈ ಸ್ವಲ್ಪ ತಡವಾಗಿ ಎತ್ತಿದರೂ ನಡೆಯುತ್ತದೆ. ಅಕ್ಷರದ ಗಾತ್ರ ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು. ಹಿರಿಯರಿಗೆ ಅದಕ್ಕಿಂತ ಮೊದಲು ಬೇಕಾದದ್ದು ಇದು.

ಕಾಲ್ ಎತ್ತುವುದು ಇನ್ನೊಂದು ರಾಮಾಯಣ. ನಮಗೆ ಹಸಿರು ಗುಂಡಿ ನೋಡಿದ ಕೂಡಲೇ ಕೈ ತಾನಾಗೇ ಮೇಲಕ್ಕೆ ಜಾರಿಸುತ್ತದೆ. ಮೊದಲ ಸಲ ನೋಡುವವರಿಗೆ ಅದು ಒತ್ತುವ ಗುಂಡಿಯೇ. ಅವ್ವ ಒತ್ತುತ್ತಿದ್ದಳು, ಅದು ಕುಣಿಯುತ್ತಿತ್ತು, ಕಾಲ್ ಕಟ್ ಆಗುತ್ತಿತ್ತು. ಯುಗಾದಿಯಿಂದ ಆಗಸ್ಟ್‌ವರೆಗೆ ಫೋನ್ ಬೀರುವಿನಲ್ಲಿ ಇದ್ದದ್ದಕ್ಕೆ ನಿಜವಾದ ಕಾರಣ ಇದು ಅಂತ ಅವತ್ತು ಗೊತ್ತಾಯಿತು: "ಯಾರೋ ಮಾಡ್ತಾರೆ, ನಾನು ಎತ್ತಕ್ಕಾಗಕಿಲ್ಲ. ಅವ್ರು ಏನಂದ್ಕತಾರೆ?" ಒಂದೊಂದು ಕಂಪನಿಯ ಫೋನಿನಲ್ಲಿ ಇದು ಒಂದೊಂದು ಥರ, ಕೆಲವದರಲ್ಲಿ ಒಮ್ಮೆ ಮುಟ್ಟಿದರೆ ಸಾಕು ಅನ್ನೋ ಆಯ್ಕೆಯೂ ಇದೆ. ನಮ್ಮದರಲ್ಲಿ ಇರಲಿಲ್ಲ. ಹಿತ್ತಲಿಗೆ ಹೋಗಿ ನಾನು ಕಾಲ್ ಮಾಡುವುದು, ಅವಳು ಜಗುಲಿಯಲ್ಲಿ ಎತ್ತುವುದು. ಹನ್ನೆರಡು ಸಲ ಮಾಡಿದೆವು. ಪಕ್ಕದ ಮನೆಯ ಅಜ್ಜಿ ಬಂದು, "ಏನವ್ವ, ಮಗಳು ಬಂದೌಳೆ, ಎದುರಿಗೇ ಕೂತು ಮಾತಾಡಬಾರ್ದಾ?" ಅಂದರು.

ಭಾನುವಾರ ಸಂಜೆ ಹೊರಡುವಾಗ ಒಂದು ನಿಯಮ ಮಾಡಿಕೊಂಡೆ. ನಾನಿರುವಾಗ ಫೋನ್ ಅವ್ವನ ಕೈಯಲ್ಲೇ ಇರಬೇಕು. ನಾನು ಮುಟ್ಟುವ ಹಾಗಿಲ್ಲ. ಬೇಕಾದರೆ ನನ್ನ ಕೈ ಬೆನ್ನ ಹಿಂದೆ. ಇದು ಹೇಳೋದಕ್ಕೆ ಸುಲಭ. ಒಂದು ಕೆಲಸ ನಿಮಗೆ ಎರಡು ಸೆಕೆಂಡಿನದ್ದು, ಎದುರಿಗಿರುವವರು ಎರಡು ನಿಮಿಷ ಹುಡುಕುತ್ತಿದ್ದಾರೆ, ನೀವು ಬಾಯಿ ಮುಚ್ಚಿಕೊಂಡು ಕೂರಬೇಕು. ಮಾಡಿ ನೋಡಿ.

ಕಾಗುಣಿತ ಸಿಕ್ಕಿತು

ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದು ಎರಡನೇ ವಾರ. ಅದನ್ನು ಮೊದಲೇ ಮಾಡಬೇಕಿತ್ತು. ಅವ್ವ ಏಳನೇ ಕ್ಲಾಸು ಓದಿದ್ದಾಳೆ, ಪೇಪರ್ ನಿಧಾನಕ್ಕೆ ಓದುತ್ತಾಳೆ. ಇಂಗ್ಲಿಷಿನಲ್ಲಿದ್ದಾಗ ಪ್ರತಿಯೊಂದು ಪ್ರಶ್ನೆಗೂ ಅವಳಿಗೆ ಇದ್ದ ಉತ್ತರ ಒಂದೇ, ಬಣ್ಣ ಯಾವುದೋ ಅದನ್ನು ಒತ್ತುವುದು. ನೀಲಿ ಗುಂಡಿ ಒತ್ತಿ ಒತ್ತಿ ಏನೇನಕ್ಕೋ ಒಪ್ಪಿಗೆ ಕೊಟ್ಟಿದ್ದಳು. ಗೊತ್ತಿಲ್ಲದ ಎರಡು ಆಟ, ಒಂದು ಸಾಲದ ಆ್ಯಪ್ ಫೋನಿನಲ್ಲಿ ಕೂತಿದ್ದವು. ಕನ್ನಡ ಬಂದ ಮೇಲೆ 'ಅನುಮತಿಸಿ', 'ರದ್ದುಮಾಡಿ' ಅಂತ ಓದಿ ನಿಲ್ಲುತ್ತಾಳೆ. ಆ ನಿಲ್ಲುವುದೇ ಬೇಕಾದದ್ದು. ಹಾಗಂತ ಫೋನಿನ ಕನ್ನಡ ಎಲ್ಲ ಚೆನ್ನಾಗಿದೆ ಅಂತಲ್ಲ. ಕೆಲವು ಪದಗಳು ನನಗೇ ಅರ್ಥವಾಗದೆ ಮತ್ತೆ ಇಂಗ್ಲಿಷಿಗೆ ಹೋಗಿ ನೋಡಿಕೊಂಡು ಬಂದಿದ್ದೇನೆ.

ಕೀಬೋರ್ಡ್ ಹಾಕಿಕೊಟ್ಟಾಗ ಒಂದು ಚಂದದ ಘಟನೆ ನಡೆಯಿತು. ಅವ್ವ 'ಕ' ಮುಟ್ಟಿದಳು. ಮುಟ್ಟಿದ ಕೂಡಲೇ ಸ್ವರಗಳ ಸಾಲು ಹೋಗಿ ಅಲ್ಲಿ ಕಾ, ಕಿ, ಕೀ, ಕು, ಕೂ ಬಂದು ಕೂತವು.

"ಇದು ಕಾಗುಣಿತ ಅಲ್ವಾ ಮಗಾ!"

ಸ್ಲೇಟು ಹಿಡಿದು ಕೂತ ಕಾಲ ನೆನಪಾಗಿ ಬಳ್ಳಿಯನ್ನು ಪೂರ್ತಿ ಹೇಳಿದಳು, ಕಂ ಕಃ ತನಕ. ಆಮೇಲೆ ಕೇಳಿದಳು, "ಒತ್ತು ಎಲ್ಲದೆ?" ನನ್ನ ಹೆಸರಿನಲ್ಲಿ ಒತ್ತಕ್ಷರ ಇದೆ. ಅರ್ಧ ಚಿಹ್ನೆಯೊಂದನ್ನು ಹಾಕಿ ಮುಂದಿನ ಅಕ್ಷರ ಮುಟ್ಟಬೇಕು ಅಂತ ತೋರಿಸಿದೆ, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬಾಯಿಮಾತಿನಲ್ಲಿ. ಏಳು ನಿಮಿಷ ಹಿಡಿಯಿತು. ನನ್ನ ಹೆಸರನ್ನು ಅವ್ವ ಬರೆದದ್ದು ನಾನು ನೋಡಿದ್ದು ಅದೇ ಮೊದಲು. ಸ್ಕೂಲಿನ ಫಾರಂಗಳನ್ನೆಲ್ಲ ಅಪ್ಪನೇ ತುಂಬುತ್ತಿದ್ದರು.

ಟೈಪಿಂಗ್ ಮುಂದುವರಿಯಲಿಲ್ಲ ಅನ್ನೋದನ್ನೂ ಹೇಳಬೇಕು. ಅವಳಿಗೆ ಅದು ನಿಧಾನ. ಮಾತಾಡಿ ಬರೆಸುವುದು ಹಿಡಿಸಿತು. ಗೂಗಲ್ 2017ರ ಆಗಸ್ಟ್‌ನಲ್ಲೇ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ಕೊಟ್ಟಿದೆ, ಕೀಬೋರ್ಡಿನ ಮೈಕ್ ಗುರುತು ಮುಟ್ಟಿ ಮಾತಾಡಿದರಾಯಿತು. ಆದರೆ ನಮ್ಮ ಕಡೆಯ "ಬುಡು", "ಬತ್ತದೆ", "ಕುಂತ್ಕಂಡವ್ರೆ" ಅದಕ್ಕೆ ಸುಲಭಕ್ಕೆ ತಿಳಿಯುವುದಿಲ್ಲ. ಏನೇನೋ ಬರೆಯುತ್ತದೆ. ಅದಕ್ಕೆ ಅವ್ವ ಒಂದು ಉಪಾಯ ಮಾಡಿಕೊಂಡಿದ್ದಾಳೆ. ಮೈಕ್ ಮುಟ್ಟಿದ ಕೂಡಲೇ ಟಿ.ವಿ. ವಾರ್ತೆ ಓದುವವರ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿ, "ಗದ್ದೆಗೆ ನೀರು ಬಂದಿದೆ. ನೀನು ಊಟ ಮಾಡಿದೆಯಾ" ಅಂತಾಳೆ. ನನ್ನ ಅವ್ವ ನನ್ನ ಜೊತೆ ಗ್ರಾಂಥಿಕ ಕನ್ನಡದಲ್ಲಿ ಮಾತಾಡುವುದನ್ನು ಕೇಳಿದರೆ ನಗಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯುವುದಿಲ್ಲ. ನಮ್ಮೂರಿನ ಮಾತನ್ನೂ ಯಂತ್ರ ಕಲಿಯಲಿ ಅನ್ನಿಸುತ್ತದೆ. ಅಲ್ಲಿವರೆಗೆ ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜ್ ಇದೆ, ಅದಕ್ಕೆ ಯಾವ ವ್ಯಾಕರಣವೂ ಬೇಡ. ಅದನ್ನು ಮಾತ್ರ ಅದುಮಿ ಹಿಡಿದೇ ಮಾತಾಡಬೇಕು. "ಇದಕ್ಕೆ ಹಿಡಿಬೇಕು, ಅದಕ್ಕೆ ಹಿಡಿಬಾರ್ದು, ಯಾವ ನ್ಯಾಯ ಇದು?" ಅಂತ ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಟಾರ್ಚ್ ಅವಳೇ ಕಂಡುಹಿಡಿದಳು. ಅಲಾರಂ ಬಿಪಿ ಮಾತ್ರೆಗೆ. ಕ್ಯಾಮೆರಾದಲ್ಲಿ ಮೊದಲು ತೆಗೆದದ್ದು ನನ್ನ ಫೋಟೋ ಅಲ್ಲ, ಭತ್ತದ ಎಲೆ ಮೇಲಿನ ಕಂದು ಚುಕ್ಕೆಯದ್ದು. ಅದನ್ನು ಗೊಬ್ಬರದಂಗಡಿಯಲ್ಲಿ ತೋರಿಸಿ ಔಷಧಿ ಕೇಳಿ ಬಂದಳು. ಹಿಂದೆಲ್ಲ ಎಲೆ ಕಿತ್ತು ಕವರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದಳು, ಪೇಟೆ ತಲುಪುವಷ್ಟರಲ್ಲಿ ಅದು ಬಾಡಿರುತ್ತಿತ್ತು.

ನಂಬರ್ ಬದಲಿಸಿದ ದಿನ

ಇಷ್ಟೆಲ್ಲ ಆದರೂ ಗಂಟು ಹಾಗೇ ಇತ್ತು. ಒಟಿಪಿಗಳು ಇನ್ನೂ ಬೆಂಗಳೂರಿಗೆ ಬರುತ್ತಿದ್ದವು. ಸೆಪ್ಟೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿದೆ.

ಕೆ.ಆರ್. ನಗರ ನೋಡಿದವರಿಗೆ ಗೊತ್ತು, ಅಗಲ ಅಗಲ ನೇರ ರಸ್ತೆಗಳ ಊರು. ಹಳೆಯ ಎಡತೊರೆಯನ್ನು ಕಾವೇರಿ ನೆರೆ ಕಾಡಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಕ್ಷೆ ಹಾಕಿ ಕಟ್ಟಿದ್ದು, ಅದಕ್ಕೇ ಅವರ ಹೆಸರು. ಬೆಳಗಿನಿಂದ ಆ ನೇರ ರಸ್ತೆಗಳಲ್ಲಿ ನಾವಿಬ್ಬರೂ ಫೈಲ್ ಹಿಡಿದು ಓಡಾಡಿದೆವು.

ಮೊದಲು ಆಧಾರ್ ಕೇಂದ್ರ. ಮೊಬೈಲ್ ನಂಬರ್ ಬದಲಿಸಲು ಆಗ ಬೆರಳು ಕೊಡಬೇಕಿತ್ತು. ಹತ್ತೂ ಬೆರಳು ಒಂದೊಂದಾಗಿ ಇಟ್ಟರು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒಂದೂ ಹೊಂದಲಿಲ್ಲ. ನಲವತ್ತು ವರ್ಷ ಸಸಿ ಕಿತ್ತು, ನೆಟ್ಟು, ಕಳೆ ತೆಗೆದು, ಪಾತ್ರೆ ತಿಕ್ಕಿದ ಬೆರಳುಗಳಲ್ಲಿ ಗೆರೆಗಳು ಉಳಿದಿರಲಿಲ್ಲ. ನನ್ನ ಬೆರಳನ್ನು ಪಕ್ಕಕ್ಕೆ ಹಿಡಿದು ನೋಡಿದೆ. ಕೀಬೋರ್ಡ್ ಕುಟ್ಟುವ ಬೆರಳು, ಗೆರೆ ಎಲ್ಲ ಸ್ಪಷ್ಟ. ಕೊನೆಗೆ ಕಣ್ಣಿನ ಪಾಪೆ ತೋರಿಸುವ ಯಂತ್ರ ತಂದರು. ಅದು ಒಂದೇ ಸಲಕ್ಕೆ ಒಪ್ಪಿತು. ಅವ್ವ ಹೊರಗೆ ಬಂದು, "ಕಣ್ಣು ಇನ್ನೂ ಸವೆದಿಲ್ಲ" ಅಂದಳು.

ಆಮೇಲೆ ಬ್ಯಾಂಕ್. ಅಲ್ಲಿ ಫಾರಂ ತುಂಬಿ, ಸಹಿ ಹಾಕಿ, ಎರಡು ದಿನ ಕಾಯಬೇಕಾಯಿತು. ಯಾಕೆ ಇದು ಮುಖ್ಯ ಅಂದರೆ, ಯುಪಿಐ ಶುರು ಮಾಡಬೇಕಾದರೆ ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ಮು ಅದೇ ಫೋನಿನಲ್ಲಿ ಇರಬೇಕು. ಆ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಹೋಗಿ ಖಾತ್ರಿಯಾಗುತ್ತದೆ. ನನ್ನ ನಂಬರ್ ಇರುವ ತನಕ ಅವ್ವನ ಫೋನಿನಲ್ಲಿ ಯುಪಿಐ ಬರುವ ಸಾಧ್ಯತೆಯೇ ಇರಲಿಲ್ಲ. 2016ರಲ್ಲಿ ಶುರುವಾಗಿ ಸೊಪ್ಪಿನ ಗಾಡಿಯ ತನಕ ಬಂದ ಸೌಲಭ್ಯ ನಮ್ಮ ಮನೆಯ ಹೊಸ್ತಿಲಲ್ಲೇ ನಿಂತಿತ್ತು, ಮಧ್ಯೆ ನಾನು ಅಡ್ಡ ನಿಂತಿದ್ದರಿಂದ.

ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ 'ಯುಪಿಐ ಸರ್ಕಲ್ ಹಾಕಿಕೊಡು ಸಾಕು' ಅಂದಿದ್ದ. ನಮ್ಮ ಅಕೌಂಟಿನಿಂದಲೇ ಮನೆಯವರು ಖರ್ಚು ಮಾಡುವ ಹಾಗೆ ಬಿಟ್ಟುಕೊಡುವ ವ್ಯವಸ್ಥೆ ಅದು, ತಿಂಗಳಿಗೆ 15,000 ರೂಪಾಯಿ ಮಿತಿ. ಒಳ್ಳೆಯದೇ, ಕಾಲೇಜಿಗೆ ಹೋಗುವ ಮಕ್ಕಳಿಗೆ ಹೊಂದುತ್ತದೆ. ಅವ್ವನಿಗೆ ಬೇಡ ಅನ್ನಿಸಿತು. ಅವಳು ನನ್ನ ದುಡ್ಡು ಕೇಳುತ್ತಿರಲಿಲ್ಲ. ಅವಳಿಗೆ ಅವಳದೇ ಭತ್ತದ ದುಡ್ಡು, ಹಾಲಿನ ದುಡ್ಡು ಇತ್ತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಇತ್ತು. ಬಂತೋ ಇಲ್ಲವೋ ಅಂತ ನೋಡಲು ಮಾತ್ರ ನನ್ನನ್ನೋ ಪಕ್ಕದ ಮನೆ ಹುಡುಗನನ್ನೋ ಕೇಳಬೇಕಿತ್ತು. ಆ ಹುಡುಗ ಒಳ್ಳೆಯವನು, ಒಂದು ರೂಪಾಯಿ ಮುಟ್ಟಿದವನಲ್ಲ. ಆದರೆ ಅವ್ವನ ಎಟಿಎಂ ಪಿನ್ ಅವನಿಗೆ ಬಾಯಿಪಾಠ ಇತ್ತು.

ಮೂರನೇ ದಿನ ಜಗುಲಿ ಮೇಲೆ ಯುಪಿಐ ಹಾಕಿದೆವು. ಹೊಸ ಪಿನ್ ಕೇಳಿತು. ಅವ್ವ ಬೆರಳು ಎತ್ತಿ ನಿಲ್ಲಿಸಿದಳು.

"ಮುಖ ಆ ಕಡೆ ತಿರುಗ್ಸು."

"ನಂಗೂ ಬೇಡ್ವಾ?"

"ನೀನೇ ಹೇಳ್ದಲ್ಲ, ಯಾರ್ಗೂ ತೋರ್ಸಬ್ಯಾಡ ಅಂತ."

ತಿರುಗಿ ಬೇಲಿಯ ಮೇಲಿನ ಹೀರೆ ಬಳ್ಳಿ ನೋಡುತ್ತಾ ಕೂತೆ. ಯಾವ ಅಂಕಿ ಇಟ್ಟಳೋ ಇವತ್ತಿಗೂ ಗೊತ್ತಿಲ್ಲ. ಅಪ್ಪನ ಹುಟ್ಟಿದ ವರ್ಷವಂತೂ ಅಲ್ಲ, "ಅದು ಎಲ್ರಿಗೂ ಗೊತ್ತು" ಅಂತ ಅವಳೇ ಆಮೇಲೆ ಅಂದಳು.

ಭಯ ಪೂರ್ತಿ ಹೋಗಲಿಲ್ಲ, ಅವಳಿಗೂ ನನಗೂ. ಅದಕ್ಕೆ ಯುಪಿಐ ಲೈಟ್ ಅನ್ನೋದನ್ನು ಹಾಕಿಕೊಂಡೆವು. ಅಕೌಂಟಿನಿಂದ ಸ್ವಲ್ಪ ದುಡ್ಡನ್ನು ಬೇರೆ ತೆಗೆದಿಟ್ಟುಕೊಳ್ಳುವುದು. ಒಟ್ಟು 5,000 ರೂಪಾಯಿ ತನಕ ಇಡಬಹುದು, ಒಂದು ಸಲಕ್ಕೆ 1,000 ಮೀರದ ಖರ್ಚಿಗೆ ಪಿನ್ ಬೇಡ. "ಸೊಂಟದ ಚೀಲ" ಅಂತ ಅವ್ವ ಹೆಸರಿಟ್ಟಳು. ಬೀರು ಬೇರೆ, ಸೊಂಟದ ಚೀಲ ಬೇರೆ. ಅಂಗಡಿಗೆ ಹೋದಾಗ ಬೀರುವಿನ ಬೀಗ ತೆಗೆಯಬೇಕಾಗಿಲ್ಲ. ಅವಳು ಅದರಲ್ಲಿ ಐನೂರಕ್ಕಿಂತ ಹೆಚ್ಚು ಇಡುವುದಿಲ್ಲ.

ಎಚ್ಚರಿಕೆಯ ಮಾತು ಉದ್ದ ಹೇಳಲು ಹೋಗಲಿಲ್ಲ. ಮೂರೇ ಹೇಳಿದೆ. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ, ಪಿನ್ ಕೇಳಿದರು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕಾಗದ ಅಂತಲೋ ಬ್ಯಾಂಕಿನದು ಅಂತಲೋ ಎಪಿಕೆ ಫೈಲ್ ಬಂದರೆ ಮುಟ್ಟಬೇಡ. ಏನಾದರೂ ಆಗಿಹೋದರೆ ನನಗೆ ಹೇಳೋಕೆ ಹೆದರಬೇಡ, ಮೊದಲು 1930ಕ್ಕೆ ಫೋನ್ ಮಾಡು. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು. ಆ ನಂಬರನ್ನು ಅವಳು ಕ್ಯಾಲೆಂಡರ್ ಮೇಲೆ ಇದ್ದಿಲಿನಷ್ಟು ದಪ್ಪಗೆ ಬರೆದಿದ್ದಾಳೆ.

ಮೊದಲ ಸಲ ದುಡ್ಡು ಕೊಟ್ಟಿದ್ದು ಊರಿನ ಚಿಲ್ಲರೆ ಅಂಗಡಿಯಲ್ಲಿ, ಕಾಲು ಕೆ.ಜಿ. ಕಡಲೆಬೇಳೆಗೆ. ಅಂಗಡಿಯ ಪೆಟ್ಟಿಗೆ ಕನ್ನಡದಲ್ಲಿ ಬಂದ ಮೊತ್ತ ಕೂಗಿತು. ಅವ್ವ ಅಲ್ಲೇ ನಿಂತಳು. "ಇನ್ನೊಂದ್ಸಲ ಹೇಳ್ತದಾ?" ಅಂತ ಅಂಗಡಿಯವನನ್ನು ಕೇಳಿದಳಂತೆ. ಅವನು, "ಇನ್ನೊಂದ್ಸಲ ಕೊಟ್ರೆ ಹೇಳ್ತದೆ" ಅಂದನಂತೆ.

ಗೃಹಲಕ್ಷ್ಮಿ ಬಂತಾ ಅಂತ ಈಗ ಅವಳೇ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡುತ್ತಾಳೆ. ಬಾರದ ತಿಂಗಳು ಪಕ್ಕದ ಮನೆಯವರಿಗೂ ನೋಡಿ ಹೇಳುತ್ತಾಳೆ. ನೋಡಲು ಬಂದವರಿಗೆ ಮಾತ್ರ ಒಂದು ಷರತ್ತು: ಅವರ ಫೋನ್ ಅವರ ಕೈಯಲ್ಲೇ ಇರಬೇಕು, ಅವ್ವ ಬಾಯಲ್ಲಿ ಹೇಳುತ್ತಾಳೆ. ಒಮ್ಮೆ ನಾನು ನೋಡುತ್ತಿದ್ದೆ. ಅಜ್ಜಿ ಗಟ್ಟಿಯಾಗಿ ಅದುಮಿದರು. ಅವ್ವ ಅಂದಳು, "ಹಂಗಲ್ಲ ಅತ್ತೆ. ಕಾವಲಿ ಮುಟ್ದಂಗೆ."

ಹಿಂಗಾರಿಗೆ ಗೊಬ್ಬರ ತರಲು ಹೋದಾಗ ಬೆರಳು ಎಂದಿನಂತೆ ಹೊಂದಲಿಲ್ಲ. ಒಟಿಪಿ ಅವ್ವನ ಸೊಂಟದಲ್ಲಿದ್ದ ಫೋನಿಗೆ ಬಂತು. ಅಂಕಿಗಳನ್ನು ಓದಿ ಹೇಳಿದಳು, ಚೀಲ ಆಟೋದಲ್ಲಿ ಹಾಕಿಸಿಕೊಂಡು ಬಂದಳು. ನನಗೆ ವಿಷಯ ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು, ಬೇರೇನೋ ಮಾತಿನ ಮಧ್ಯೆ.

ಮೊನ್ನೆ ಜನವರಿಯಲ್ಲಿ ನಮ್ಮ ಕಂಪನಿಯ ಆರೋಗ್ಯ ವಿಮೆಗೆ ಅವ್ವನ ಹೆಸರು ಸೇರಿಸಬೇಕಿತ್ತು. ಶುಕ್ರವಾರ ಕೊನೇ ದಿನ. ಅವಳ ಇ-ಆಧಾರ್ ಡೌನ್‌ಲೋಡ್ ಮಾಡಲು ಕೂತೆ, ಒಟಿಪಿ ಅವಳಿಗೆ ಹೋಯಿತು. ಹಳೇ ಅಭ್ಯಾಸ, ಫೋನ್ ಮಾಡಿ ಕೇಳಿದೆ.

"ಅವ್ವ, ಈಗ ಒಂದು ನಂಬರ್ ಬಂದದೆ ನೋಡು. ಹೇಳು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಯಾರು ಮಾತಾಡ್ತಿರೋದು?"

"ನಾನೇ ಕಣವ್ವ!"

"ದನಿ ಅವಳ್ದೇ ಅದೆ. ಆದ್ರೂ ಹೇಳಕಿಲ್ಲ. ಶನಿವಾರ ಬತ್ತೀಯಲ್ಲ, ಇಬ್ರೂ ಕುಂತ್ಕಂಡು ನೋಡಣ."

"ಶುಕ್ರವಾರ ಕೊನೇ ದಿನ ಅವ್ವ. ಆಧಾರ್ ಬೇಕು, ಅಷ್ಟೆ."

"ಆಧಾರ್ ಬೇಕು ಅಂತ ಮೊದ್ಲೇ ಅನ್ನಬಾರ್ದಾ?" ಅಂತ ಫೋನ್ ಇಟ್ಟಳು.

ಹತ್ತು ನಿಮಿಷ ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಎರಡು ಫೋಟೋ ಬಂದವು. ಜಗುಲಿಯ ಸಿಮೆಂಟಿನ ಮೇಲೆ ಆಧಾರ್ ಕಾರ್ಡು, ಹಿಂದೆ ಒಂದು, ಮುಂದೆ ಒಂದು. ಎರಡರಲ್ಲೂ ಮೂಲೆಯಲ್ಲಿ ಅವ್ವನ ಹೆಬ್ಬೆರಳು ಬಿದ್ದಿತ್ತು. ಎಚ್‌ಆರ್‌ನವರು ಅದನ್ನೇ ಒಪ್ಪಿಕೊಂಡರು.